ಟೂಲ್ ಕ್ಯಾಬಿನೆಟ್ ಕೊಳ್ಳುವ ಮುಂಚೆ: ತಗಡು ಒತ್ತಿ, ಡ್ರಾಯರ್ ಎಳೆದು, ತೂಕ ಕೇಳಿ

ಮನೆಯಲ್ಲಿ ಒಂದು ಡ್ರಿಲ್ ಮಷೀನು, ನಾಲ್ಕು ಸ್ಪ್ಯಾನರ್ ಇರುವ ತನಕ ಯಾರಿಗೂ ಕ್ಯಾಬಿನೆಟ್ ಬೇಕು ಅನ್ನಿಸುವುದಿಲ್ಲ. ಹಳೇ ಬಕೆಟ್ಟೋ ಬಿಸ್ಕೆಟ್ ಡಬ್ಬವೋ ಸಾಕು. ಆಮೇಲೆ ಗ್ರೈಂಡರ್ ಬರುತ್ತದೆ, ಜಿಗ್ ಸಾ ಬರುತ್ತದೆ, ಸಾಕೆಟ್ ಸೆಟ್ ಬರುತ್ತದೆ, ಊರಿನ ಮನೆಯಿಂದ ಅಜ್ಜನ ಕಾಲದ ಉಳಿ, ಗರಗಸ ಬರುತ್ತವೆ, ಅರ್ಧ ಖಾಲಿಯಾದ ಅಂಟಿನ ಡಬ್ಬಿಗಳು ಎಲ್ಲಿಂದಲೋ ಬಂದು ಸೇರಿಕೊಳ್ಳುತ್ತವೆ. 10ನೇ ನಂಬರ್ ಸ್ಪ್ಯಾನರ್ ಹುಡುಕಿ ಹುಡುಕಿ ಸಾಕಾಗಿ ಹೊಸದು ತಂದ ಮೇಲೆ ಹಳೆಯದು ಸಿಗುತ್ತದೆ. ಆಗ ಫೋನ್ ಹಿಡಿದು ಕ್ಯಾಬಿನೆಟ್ ಹುಡುಕಲು ಕೂರುತ್ತೀರಿ. ಕೆಂಪು ಬಣ್ಣ, ಏಳು ಡ್ರಾಯರ್, ಕೆಳಗೆ ಚಕ್ರ. ಫೋಟೋದಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತವೆ.

ಸ್ವಲ್ಪ ತಡೆಯಿರಿ. ನಮ್ಮ ಕಡೆ ಟೂಲ್ ಇಟ್ಟ ಕಪಾಟು ಹಾಳಾಗುವುದು ಹೆಚ್ಚಾಗಿ ಎರಡು ಕಾರಣಕ್ಕೆ. ಒಂದು ಭಾರ, ಇನ್ನೊಂದು ತೇವ. ಇವೆರಡೂ ಫೋಟೋದಲ್ಲಿ ಕಾಣುವುದಿಲ್ಲ. ಹಾಗಾಗಿ ದುಡ್ಡು ಕೊಡುವ ಮುಂಚೆ ಮನೆಯಲ್ಲಿ ಮಾಡಿಕೊಳ್ಳಬೇಕಾದ ಕೆಲಸ ಸ್ವಲ್ಪ ಇದೆ. ಅಂಗಡಿಯಲ್ಲಿ ಸಂಕೋಚ ಬಿಟ್ಟು ತಟ್ಟಿ, ಒತ್ತಿ, ಎಳೆದು ನೋಡಬೇಕಾದ್ದು ಇನ್ನೂ ಜಾಸ್ತಿ ಇದೆ.

1. ಇರುವುದನ್ನೆಲ್ಲ ನೆಲಕ್ಕೆ ಹರಡಿ

ಒಂದು ಭಾನುವಾರ ಟಾರ್ಪಾಲು ಹಾಸಿ ಎಲ್ಲವನ್ನೂ ಹೊರಗೆ ತೆಗೆಯಿರಿ. ಮಂಚದ ಕೆಳಗಿನದು, ಅಟ್ಟದ ಮೇಲಿನದು, ಸ್ಕೂಟರ್ ಡಿಕ್ಕಿಯಲ್ಲಿ ಇರುವುದು, ಒಂದನ್ನೂ ಬಿಡಬೇಡಿ. ವಾರಕ್ಕೊಮ್ಮೆಯಾದರೂ ಕೈಗೆ ಬರುವುದು ಒಂದು ಕಡೆ, ತಿಂಗಳಿಗೊಮ್ಮೆ ಬೇಕಾಗುವುದು ಒಂದು ಕಡೆ, ವರ್ಷಕ್ಕೊಮ್ಮೆ ನೆನಪಾಗುವುದು ಇನ್ನೊಂದು ಕಡೆ. ಮೂರನೇ ಗುಂಪಿಗೆ ಕ್ಯಾಬಿನೆಟ್ ಜಾಗ ಕೊಡಬೇಡಿ, ಅದಕ್ಕೆ ಅಟ್ಟವೇ ಸರಿ.

ಆಮೇಲೆ ಎಲ್ಲಕ್ಕಿಂತ ಉದ್ದದ್ದನ್ನು ಅಳೆಯಿರಿ. ಡ್ರಾಯರಿನ ಒಳ ಅಗಲ 22 ಇಂಚು ಅಂದುಕೊಳ್ಳಿ. 2 ಅಡಿ ರಸಮಟ್ಟ (ಸ್ಪಿರಿಟ್ ಲೆವೆಲ್) ಅದರಲ್ಲಿ ನೇರ ಕೂರುವುದಿಲ್ಲ, ಓರೆಯಾಗಿ ಇಡಬೇಕು, ಅದೊಂದೇ ಅರ್ಧ ಡ್ರಾಯರ್ ನುಂಗುತ್ತದೆ. ಗರಗಸ, ರಸಮಟ್ಟ, ಉದ್ದದ ಕ್ಲ್ಯಾಂಪು ಇವನ್ನೆಲ್ಲ ಗೋಡೆಗೆ ನೇತು ಹಾಕುವುದು ಅಂತ ಈಗಲೇ ತೀರ್ಮಾನ ಮಾಡಿದರೆ ಒಂದು ಸೈಜ್ ಚಿಕ್ಕ ಕ್ಯಾಬಿನೆಟ್ಟೇ ಸಾಕಾಗುತ್ತದೆ.

ತೂಕವನ್ನೂ ನೋಡಿ. ಮೈ ತೂಕ ನೋಡುವ ಮಷೀನಿನ ಮೇಲೆ ಒಂದು ಸಲ ಬರಿಗೈಯಲ್ಲಿ, ಇನ್ನೊಂದು ಸಲ ಟೂಲ್ ತುಂಬಿದ ಬಕೆಟ್ ಹಿಡಿದು ನಿಂತರೆ ಆಯ್ತು. 4 ಇಂಚಿನ ಗ್ರೈಂಡರ್ ಸುಮಾರು 2 ಕೆಜಿ ಇರುತ್ತದೆ. ಕಬ್ಬಿಣದ ಪೆಟ್ಟಿಗೆಯಲ್ಲಿ ಬರುವ ಅರ್ಧ ಇಂಚಿನ ಸಾಕೆಟ್ ಸೆಟ್ಟು ಅದರ ಎರಡು ಪಟ್ಟಿಗಿಂತ ಜಾಸ್ತಿ. ಸ್ಪ್ಯಾನರ್, ಸುತ್ತಿಗೆ, ಇಕ್ಕಳ ಎಲ್ಲ ಒಂದೇ ದೊಡ್ಡ ಡ್ರಾಯರಿಗೆ ಹಾಕಿದರೆ 25 ಕೆಜಿ ದಾಟುವುದು ಗೊತ್ತೇ ಆಗುವುದಿಲ್ಲ. ಬಟ್ಟೆ ಇಡುವ ಬೀರುವಿಗೂ ಇದಕ್ಕೂ ವ್ಯತ್ಯಾಸ ಇರುವುದೇ ಇಲ್ಲಿ.

ಇವತ್ತು ಇರುವುದಕ್ಕೆ ಮೂರನೇ ಒಂದು ಭಾಗ ಸೇರಿಸಿ ಜಾಗ ಲೆಕ್ಕ ಹಾಕಿ. ಟೂಲ್ ಹುಚ್ಚು ಕಡಿಮೆ ಆದವರನ್ನು ನಾನಂತೂ ನೋಡಿಲ್ಲ.

2. ಇಡುವ ಜಾಗ

ಕಾರ್ ಶೆಡ್, ಮೆಟ್ಟಿಲ ಕೆಳಗೆ, ಟೆರೇಸಿನ ರೂಮು, ಬಾಲ್ಕನಿ. ನಮ್ಮಲ್ಲಿ ವರ್ಕ್‌ಶಾಪ್ ಅಂದರೆ ಸಾಮಾನ್ಯವಾಗಿ ಈ ನಾಲ್ಕರಲ್ಲಿ ಒಂದು. ಸೀಮೆಸುಣ್ಣದಲ್ಲಿ ಕ್ಯಾಬಿನೆಟ್ಟಿನ ಅಳತೆ ನೆಲದ ಮೇಲೆ ಗೀಚಿ, ಬಾಗಿಲು ಅಥವಾ ಡ್ರಾಯರ್ ಪೂರ್ತಿ ತೆರೆದರೆ ಎಲ್ಲಿಗೆ ಬರುತ್ತದೆ ಅಂತಲೂ ಗೀಚಿ. ಎದುರು ನೀವು ನಿಲ್ಲುವುದಕ್ಕೆ ಇನ್ನೊಂದು ಎರಡು ಅಡಿ ಬೇಕು. ಕಾರು ನಿಂತಾಗ ಅದರ ಬಾಗಿಲು ತೆರೆಯುತ್ತದಾ ನೋಡಿ.

ಸಂಪಿನ ಮುಚ್ಚಳದ ಮೇಲೆ ಇಡಬೇಡಿ. ಟ್ಯಾಂಕರ್ ನೀರು ಬಂದ ದಿನ 100 ಕೆಜಿ ಕಪಾಟು ಸರಿಸುವ ಕಷ್ಟ ಬೇಡ, ಜೊತೆಗೆ ಮುಚ್ಚಳದ ಸಂದಿನಿಂದ ಬರುವ ತೇವ ಬೇರೆ. ಮೀಟರ್ ಬೋರ್ಡು, ಮೋಟಾರ್ ಸ್ಟಾರ್ಟರ್, ನೀರಿನ ವಾಲ್ವು ಇವಕ್ಕೂ ಅಡ್ಡ ಬರಬಾರದು. ಮಳೆ ಹೊಡೆಯುವ ಪಡುವಣ ಗೋಡೆಗೆ ಒರಗಿಸಿ ಇಡಬೇಡಿ, ಬೇರೆ ಜಾಗ ಇಲ್ಲವೇ ಇಲ್ಲ ಅಂದರೆ ಗೋಡೆಗೂ ಕಪಾಟಿಗೂ ಎರಡು ಇಂಚು ಗಾಳಿ ಆಡಲು ಬಿಡಿ.

ಟೆರೇಸಿನ ರೂಮಿಗೆ ಆದರೆ ಮೆಟ್ಟಿಲಿನ ತಿರುವನ್ನು ಅಳೆಯದೆ ಆರ್ಡರ್ ಮಾಡಬೇಡಿ. ಬಾಗಿಲಲ್ಲಿ ಓರೆ ಮಾಡಿ ತೂರಿಸಬಹುದು, ಮೆಟ್ಟಿಲ ತಿರುವಿನಲ್ಲಿ 6 ಅಡಿ ಎತ್ತರದ ಬೀರು ಸಿಕ್ಕಿಹಾಕಿಕೊಂಡರೆ ಹಗ್ಗ ಕಟ್ಟಿ ಹೊರಗಿನಿಂದ ಎತ್ತಿಸುವುದೇ ದಾರಿ. ಅಂಥ ಕಡೆ ಬಿಡಿ ಬಿಡಿಯಾಗಿ ಬಂದು ಬೋಲ್ಟ್ ಹಾಕಿ ಜೋಡಿಸುವಂಥದ್ದು, ಅಥವಾ ಮೇಲೊಂದು ಕೆಳಗೊಂದು ಎರಡು ಚಿಕ್ಕ ಪೆಟ್ಟಿಗೆ ಇರುವಂಥದ್ದು ವಾಸಿ.

3. ಬಾಗಿಲೋ, ಡ್ರಾಯರೋ, ತೆರೆದ ರ‍್ಯಾಕೋ

ಕೈ ಟೂಲಿಗೆ ಡ್ರಾಯರ್. ಇದರಲ್ಲಿ ನನಗೆ ಎರಡನೇ ಮಾತಿಲ್ಲ. ಒಂದೂವರೆ ಅಡಿ ಆಳದ ಹಲಗೆಯ ಮೇಲೆ ಸ್ಪ್ಯಾನರ್ ಇಟ್ಟರೆ ಹಿಂದಿನದು ಮುಂದಿನದರ ಹಿಂದೆ ಮಾಯ ಆಗುತ್ತದೆ. ಡ್ರಾಯರ್ ಎಳೆದರೆ ಎಲ್ಲವೂ ಮೇಲಿಂದ ಒಂದೇ ನೋಟಕ್ಕೆ ಕಾಣುತ್ತದೆ. ಅದೂ ತೆಳು ಡ್ರಾಯರ್ ಬೇಕು. ಸ್ಪ್ಯಾನರ್, ಸ್ಕ್ರೂಡ್ರೈವರ್, ಅರ, ಡ್ರಿಲ್ ಬಿಟ್‌ಗಳು, ಇವಕ್ಕೆ 2ರಿಂದ 3 ಇಂಚು ಎತ್ತರ ಸಾಕು. ಸುತ್ತಿಗೆ, ಪ್ಲೈಯರ್, ಸಾಕೆಟ್ ಸೆಟ್ಟಿಗೆ 4 ಇಂಚು. ಗ್ರೈಂಡರ್, ಡ್ರಿಲ್ ಮಷೀನಿಗೆ 8 ಇಂಚು. ಎಲ್ಲ ಡ್ರಾಯರೂ 6 ಇಂಚು ಇರುವ ಕ್ಯಾಬಿನೆಟ್ ಕೊಂಡರೆ ಒಂದರ ಮೇಲೊಂದು ರಾಶಿ ಬೀಳುತ್ತದೆ, ಆಮೇಲೆ ಬಿಸ್ಕೆಟ್ ಡಬ್ಬಕ್ಕೂ ಅದಕ್ಕೂ ವ್ಯತ್ಯಾಸ ಇರುವುದಿಲ್ಲ.

ಡಬ್ಬದ ಸಮೇತ ಬರುವ ಮಷೀನುಗಳು, ಪೇಂಟು, ಪೈಪ್ ತುಂಡು, ವೈರ್ ಬಂಡಲ್, ಇವಕ್ಕೆಲ್ಲ ದುಬಾರಿ ಕ್ಯಾಬಿನೆಟ್ ಬೇಡ. ತೂತು ತೂತಿನ ಆಂಗಲ್ ರ‍್ಯಾಕ್ ಸಿಗುತ್ತದಲ್ವಾ, ಅಂಗಡಿಗಳಲ್ಲಿ ಸಾಮಾನು ಇಡುವಂಥದ್ದು, ಅದು ಅಗ್ಗ, ಗಟ್ಟಿ, ಹಲಗೆಯನ್ನು ಬೇಕಾದ ಎತ್ತರಕ್ಕೆ ಹಾಕಿಕೊಳ್ಳಬಹುದು. ಬಾಗಿಲಿನ ಬೀರು ಬೇಕಾಗುವುದು ಧೂಳಿನಿಂದ ಮತ್ತು ಮಕ್ಕಳ ಕೈಯಿಂದ ಕಾಪಾಡಬೇಕಾದ್ದಕ್ಕೆ. ನನ್ನ ಲೆಕ್ಕದಲ್ಲಿ ಒಂದು ಸಾಧಾರಣ ಮನೆಗೆ ಸೊಂಟದ ಎತ್ತರದ ಒಂದು ಡ್ರಾಯರ್ ಕ್ಯಾಬಿನೆಟ್, ಪಕ್ಕದಲ್ಲಿ ಒಂದು ಆಂಗಲ್ ರ‍್ಯಾಕ್, ಗೋಡೆ ಮೇಲೆ ಒಂದು ಪ್ಲೈವುಡ್ ಹಲಗೆಗೆ ನಾಲ್ಕು ಕೊಕ್ಕೆ, ಇಷ್ಟಿದ್ದರೆ ಬೇಕಾದಷ್ಟು. ಕ್ಯಾಬಿನೆಟ್ ಎತ್ತರ 34-36 ಇಂಚು ಇದ್ದರೆ ಅದರ ತಲೆಯೇ ಕೆಲಸದ ಮೇಜೂ ಆಗುತ್ತದೆ.

4. ತಗಡು ಎಷ್ಟು ದಪ್ಪ

ಸ್ಟೀಲ್ ಕ್ಯಾಬಿನೆಟ್ ಆದರೆ ಮೊದಲ ಪ್ರಶ್ನೆ ಇದು. ಅಂಗಡಿಯವರು ಗೇಜ್ ಹೇಳುತ್ತಾರೆ. ಗೇಜ್ ನಂಬರ್ ಜಾಸ್ತಿ ಆದಷ್ಟೂ ತಗಡು ತೆಳು, ಇಲ್ಲಿ ಎಷ್ಟೋ ಜನ ತಲೆಕೆಳಗಾಗಿ ತಿಳಿದುಕೊಳ್ಳುತ್ತಾರೆ. 18 ಗೇಜ್ ಅಂದರೆ ಸುಮಾರು 1.2 ಮಿ.ಮೀ., 20 ಗೇಜ್ 0.9, 22 ಗೇಜ್ 0.7, 24 ಗೇಜ್ 0.55 ಮಿ.ಮೀ. ಟೂಲಿಗೆ ಮೈ 20 ಗೇಜ್, ಭಾರ ಹೊರುವ ಹಲಗೆ ಮತ್ತು ತಳ 18 ಇದ್ದರೆ ನಿಶ್ಚಿಂತೆ. 22 ಪರವಾಗಿಲ್ಲ, ಆದರೆ ಹಲಗೆಯ ಅಡಿಯಲ್ಲಿ ಮಡಚಿದ ಪಟ್ಟಿ ಕೊಟ್ಟಿರಬೇಕು. 24 ಗೇಜಿನದು ಫೈಲು, ಬಟ್ಟೆ ಇಡೋಕೆ.

ಗೇಜ್ ಬಾಯಲ್ಲಿ ಏನು ಬೇಕಾದರೂ ಹೇಳಬಹುದು. ತೂಕ ಸುಳ್ಳು ಹೇಳುವುದಿಲ್ಲ. ಒಂದು ಚದರ ಮೀಟರ್ ಅಗಲದ, 1 ಮಿ.ಮೀ. ದಪ್ಪದ ಸ್ಟೀಲ್ ತಗಡು 7.85 ಕೆಜಿ ತೂಗುತ್ತದೆ. ಇದನ್ನು ಹಿಡಿದು ಲೆಕ್ಕ ಹಾಕಿ. 6 ಅಡಿ ಎತ್ತರ, 3 ಅಡಿ ಅಗಲ, ಒಂದೂವರೆ ಅಡಿ ಆಳ, ಒಳಗೆ ನಾಲ್ಕು ಹಲಗೆ, ಎರಡು ಬಾಗಿಲು ಇರುವ ಬೀರುವಿಗೆ ಹೆಚ್ಚು ಕಡಿಮೆ ಏಳೂವರೆ ಚದರ ಮೀಟರ್ ತಗಡು ಹಿಡಿಯುತ್ತದೆ. ಎಲ್ಲವೂ 20 ಗೇಜ್ ಆಗಿದ್ದರೆ ತಗಡೇ 53 ಕೆಜಿ ಬರಬೇಕು. 24 ಗೇಜ್ ಆದರೆ 32 ಕೆಜಿ. ಮಡಿಕೆ, ಲಾಕು, ಹಿಡಿ ಎಲ್ಲ ಸೇರಿದರೆ ಎರಡೂ ಇನ್ನೊಂದಿಷ್ಟು ಏರುತ್ತವೆ, ಆದರೆ ನಡುವಿನ ಅಂತರ ಹಾಗೇ ಇರುತ್ತದೆ. ಆನ್‌ಲೈನಿನಲ್ಲಿ ಕೊಳ್ಳುವವರಿಗೆ ಇದಕ್ಕಿಂತ ಒಳ್ಳೆ ಪರೀಕ್ಷೆ ಇಲ್ಲ, ಯಾಕೆಂದರೆ ತೂಕವನ್ನು ವಿವರದಲ್ಲಿ ಬರೆದಿರುತ್ತಾರೆ. ಬರೆದಿಲ್ಲ ಅಂದರೆ ಕೇಳಿ. ಹೇಳಲಿಲ್ಲ ಅಂದರೆ ಮುಂದಿನದು ನೋಡಿ.

ಅಂಗಡಿಯಲ್ಲೇ ಇದ್ದರೆ ಹಲಗೆಯ ನಡುವೆ ಅಂಗೈ ಊರಿ ಮೈಭಾರ ಬಿಡಿ. ಟಕ್ ಅಂತ ಒಳಗೆ ಹೋಗಿ ಮತ್ತೆ ಹೊರಗೆ ಬಂದರೆ ತಗಡು ತೆಳು. ಬಾಗಿಲಿನ ಮೂಲೆ ಹಿಡಿದು ಮೇಲಕ್ಕೆತ್ತಿ ನೋಡಿ, ಕೀಲು ಸಡಿಲ ಇದ್ದರೆ ಅಲ್ಲೇ ಗೊತ್ತಾಗುತ್ತದೆ. ಅಂಚನ್ನೆಲ್ಲ ಒಳಗೆ ಮಡಚಿದ್ದಾರಾ, ಕತ್ತರಿಸಿದ ಹಾಗೇ ಬಿಟ್ಟಿದ್ದಾರಾ ಅಂತ ಬೆರಳು ಆಡಿಸಿ ನೋಡಿ. ನಿಧಾನಕ್ಕೆ ಆಡಿಸಿ, ಕುಯ್ಯುತ್ತದೆ.

5. ಚಾನೆಲ್: ಇಲ್ಲಿ ಕಂಜೂಸ್ ಬೇಡ

ಡ್ರಾಯರ್ ಕ್ಯಾಬಿನೆಟ್ಟಿನ ಜೀವ ಇರುವುದು ಪಕ್ಕದಲ್ಲಿ ಅಡಗಿರುವ ಚಾನೆಲ್ಲಿನಲ್ಲಿ, ಅಂದರೆ ಡ್ರಾಯರ್ ಜಾರುವ ಹಳಿಯಲ್ಲಿ. ಬಿಳಿ ಬಣ್ಣದ, ಪ್ಲಾಸ್ಟಿಕ್ ಗಾಲಿ ಇರುವ ಚಾನೆಲ್ ಚಮಚ-ಸೌಟಿಗೆ ಸರಿ, ಟೂಲಿಗೆ ಬೇಡ. ಅದು ಮುಕ್ಕಾಲು ಭಾಗ ಮಾತ್ರ ಹೊರಗೆ ಬರುತ್ತದೆ, ಹಿಂದಿನ ಟೂಲ್ ತೆಗೆಯಲು ಕೈ ತೂರಿಸಬೇಕು. ಬೇಕಾದ್ದು ಬಾಲ್ ಬೇರಿಂಗ್ ಟೆಲಿಸ್ಕೋಪಿಕ್ ಚಾನೆಲ್, ಪೂರ್ತಿ ಹೊರಗೆ ಬರುವಂಥದ್ದು. ಮಾರ್ಕೆಟ್ಟಿನಲ್ಲಿ ಸಾಮಾನ್ಯವಾಗಿ ಸಿಗುವ 45 ಮಿ.ಮೀ. ಅಗಲದ ಚಾನೆಲ್ಲಿನ ಮೇಲೆ ಒಂದು ಜೋಡಿಗೆ 35ರಿಂದ 45 ಕೆಜಿ ಅಂತ ಬರೆದಿರುತ್ತದೆ. ಅದರ ಮೂರನೇ ಎರಡು ಭಾಗವನ್ನು ಮಾತ್ರ ನಂಬಿ. ಡ್ರಾಯರ್ ಪೂರ್ತಿ ಹೊರಗೆ ಬಂದಾಗ ಭಾರವೆಲ್ಲ ಚಾನೆಲ್ಲಿನ ತುದಿಯಲ್ಲಿ ತೂಗಾಡುತ್ತದೆ, ಅಗಲದ ಡ್ರಾಯರ್ ಆದರೆ ಎಡಕ್ಕೆ ಬಲಕ್ಕೆ ಸೆಳೆತ ಬೇರೆ. 30 ಇಂಚಿಗಿಂತ ಅಗಲದ ಡ್ರಾಯರಿಗೆ ಹೆವಿ ಡ್ಯೂಟಿ ಚಾನೆಲ್ ಕೇಳಿ.

ಪರೀಕ್ಷೆ ಸುಲಭ. ಡ್ರಾಯರನ್ನು ಪೂರ್ತಿ ಹೊರಗೆಳೆದು ಮುಂಭಾಗದ ಒಂದು ಮೂಲೆಯನ್ನು ಹೆಬ್ಬೆರಳಿನಲ್ಲಿ ಕೆಳಕ್ಕೆ ಒತ್ತಿ. ಇನ್ನೊಂದು ಮೂಲೆ ಮೇಲಕ್ಕೆ ಎದ್ದರೆ, ಅಥವಾ ಡ್ರಾಯರ್ ಒಳಗೆ ಹೋಗುವಾಗ ಮೂತಿ ತಿರುಗಿಸಿಕೊಂಡು ಹೋದರೆ ಬೇಡ. ಒಂದೇ ಕೈಯಲ್ಲಿ, ಹಿಡಿಯ ಒಂದು ಬದಿಯನ್ನು ಮಾತ್ರ ಹಿಡಿದು ತಳ್ಳಿದರೂ ನೇರ ಹೋಗಬೇಕು. ಸಾಫ್ಟ್ ಕ್ಲೋಸ್ ಅಂತ ಜಾಸ್ತಿ ದುಡ್ಡು ಕೇಳಿದರೆ ಕೊಡಬೇಡಿ. ಅಡುಗೆಮನೆಗೆ ಚೆಂದ, 25 ಕೆಜಿ ಕಬ್ಬಿಣದ ಮುಂದೆ ಅದರ ಆಟ ಜಾಸ್ತಿ ದಿನ ನಡೆಯುವುದಿಲ್ಲ.

ಒಂದು ಡ್ರಾಯರ್ ತೆರೆದಿದ್ದಾಗ ಇನ್ನೊಂದು ತೆರೆಯದ ಹಾಗೆ ತಡೆ ಇರುವ ಕ್ಯಾಬಿನೆಟ್ಟುಗಳಿವೆ. ಮಕ್ಕಳಿರುವ ಮನೆಗೆ ಅದಕ್ಕೆ ದುಡ್ಡು ಹಾಕಬಹುದು. ಮೇಲಿನ ಮೂರು ಡ್ರಾಯರ್ ಒಟ್ಟಿಗೆ ಹೊರಗೆ ಬಂದರೆ ಭಾರ ಮುಂದಕ್ಕೆ ಬಂದು ಇಡೀ ಕ್ಯಾಬಿನೆಟ್ ಮುಗ್ಗರಿಸುತ್ತದೆ.

6. ಬಡಗಿಯಿಂದ ಮಾಡಿಸುವುದಾದರೆ

ಪ್ಲೈವುಡ್ ಕ್ಯಾಬಿನೆಟ್ ಕೆಟ್ಟದ್ದಲ್ಲ. ಮೂಲೆ ಮುರುಕಿನ ಜಾಗಕ್ಕೆ ಸರಿಯಾಗಿ ಕೂರಿಸಬಹುದು, ಹೊಡೆದರೆ ಸದ್ದು ಕಡಿಮೆ, ಕರಾವಳಿಯಲ್ಲಿ ತುಕ್ಕಿನ ತಲೆನೋವೂ ಇಲ್ಲ. ಶೀಟಿನ ಮೇಲೆ ಐಎಸ್ 710 ಅನ್ನುವ ಮುದ್ರೆ ನೋಡಿ, ಅದು 72 ಗಂಟೆ ಕುದಿಸಿದರೂ ಪದರ ಬಿಡಬಾರದು ಅನ್ನುವ ಪರೀಕ್ಷೆ ಇರುವ ಪ್ಲೈ. ಒಣ ಊರಿನಲ್ಲಿ ಐಎಸ್ 303ರ ಬಿಡಬ್ಲ್ಯೂಆರ್ (ಕುದಿಯುವ ನೀರು ತಡೆಯುವ ದರ್ಜೆ) ಸಾಕು. ಪಾರ್ಟಿಕಲ್ ಬೋರ್ಡನ್ನು ಮಾತ್ರ ಹತ್ತಿರ ಸೇರಿಸಬೇಡಿ. ಕಾರ್ ಶೆಡ್ ತೊಳೆದ ನೀರು ನಾಲ್ಕು ಸಲ ತಾಗಿದರೆ ತಳ ಊದಿಕೊಂಡು ಪುಡಿ ಉದುರಲು ಶುರು, ಸ್ಕ್ರೂ ಅಂತೂ ಎರಡನೇ ಸಲ ಹಿಡಿಯುವುದೇ ಇಲ್ಲ.

ಮೈಗೆ 18 ಮಿ.ಮೀ., ಡ್ರಾಯರ್ ಪಕ್ಕಕ್ಕೆ 12 ಮಿ.ಮೀ. ಹಾಕಿಸಿ. ಡ್ರಾಯರ್ ತಳಕ್ಕೆ ಬಡಗಿ 4 ಮಿ.ಮೀ. ಸಾಕು ಅಂತಾನೆ, ಒಪ್ಪಬೇಡಿ. 9 ಮಿ.ಮೀ. ಹಾಕಿಸಿ, ಪಕ್ಕದ ಹಲಗೆಯಲ್ಲಿ ಗಾಡಿ (ಉದ್ದಕ್ಕೆ ಕೊರೆದ ಸಣ್ಣ ಕಾಲುವೆ) ಹೊಡೆದು ತೂರಿಸಿದ್ದಿರಬೇಕು, ಕೆಳಗಿಂದ ಮೊಳೆ ಹೊಡೆದ ತಳ ಭಾರಕ್ಕೆ ಕಿತ್ತು ಬರುತ್ತದೆ. ಇನ್ನೊಂದು ಅಳತೆ ನೆನಪಿರಲಿ: ಬಾಲ್ ಬೇರಿಂಗ್ ಚಾನೆಲ್ಲಿಗೆ ಒಂದೊಂದು ಬದಿಗೆ ಅರ್ಧ ಇಂಚು ಜಾಗ ಬೇಕು. ಒಳ ಅಗಲ 18 ಇಂಚು ಇದ್ದರೆ ಡ್ರಾಯರಿನ ಹೊರ ಅಗಲ 17 ಇಂಚು. ಒಂದು ಕೂದಲೆಳೆ ಕಡಿಮೆ ಇದ್ದರೆ ನಡೆಯುತ್ತದೆ, ಜಾಸ್ತಿ ಇದ್ದರೆ ಡ್ರಾಯರ್ ಬಿಗಿ ಹಿಡಿಯುತ್ತದೆ.

7. ಫ್ಯಾಬ್ರಿಕೇಶನ್ ಶೆಡ್ಡು, ಗುಜರಿ

ಸಿದ್ಧ ಕ್ಯಾಬಿನೆಟ್ಟಿನ ರೇಟ್ ನೋಡಿ ಎದೆ ಝಲ್ಲೆಂದರೆ ಇನ್ನೆರಡು ದಾರಿ ಇವೆ. ಬೆಂಗಳೂರಿನ ಪೀಣ್ಯ, ಮಂಗಳೂರಿನ ಬೈಕಂಪಾಡಿ, ಬೆಳಗಾವಿಯ ಉದ್ಯಮಬಾಗ, ಹೀಗೆ ಕೈಗಾರಿಕಾ ಪ್ರದೇಶ ಇರುವ ಕಡೆಯೆಲ್ಲ ತಗಡು ಮಡಚಿ ಕೊಡುವವರು ಸಿಗುತ್ತಾರೆ. ಹೆಚ್ಚಿನವರು ಕೆಜಿ ಲೆಕ್ಕದಲ್ಲಿ ರೇಟ್ ಹೇಳುತ್ತಾರೆ. ಅವರ ಹತ್ತಿರ ಮಾತಾಡುವಾಗ ಗೇಜ್ ಬಿಟ್ಟು ಮಿ.ಮೀ.ನಲ್ಲೇ ಹೇಳಿ. ಪೌಡರ್ ಕೋಟಿಂಗ್ ಮುಂಚೆ ಸೆವೆನ್ ಟ್ಯಾಂಕ್ ಮಾಡಿಸುತ್ತೀರಾ ಅಂತ ಕೇಳಿ. ಎಣ್ಣೆ, ತುಕ್ಕು ತೆಗೆದು ಫಾಸ್ಫೇಟ್ ಹಾಕುವ ತೊಳೆತ ಅದು. ಅದಿಲ್ಲದೆ ಬಣ್ಣ ಹೊಡೆದರೆ ಮೊದಲ ಮಳೆಗಾಲ ಕಳೆಯುವಷ್ಟರಲ್ಲಿ ಅಂಚಿನಲ್ಲಿ ಗುಳ್ಳೆ ಏಳುತ್ತದೆ. ಸಮುದ್ರದ ಕಡೆಯವರು ಲೇಪನ ಇಲ್ಲದ ಸಾದಾ ಸಿಆರ್ ಶೀಟ್ ಬದಲು ಸತು ಲೇಪನ ಇರುವ ಜಿಪಿ ಶೀಟ್ ಹಾಕಿಸಿ.

ಹಳೆಯದು ಕೊಳ್ಳುವುದರಲ್ಲಿ ಅವಮಾನ ಏನಿಲ್ಲ. ಆಫೀಸು, ಫ್ಯಾಕ್ಟರಿ ಖಾಲಿ ಮಾಡುವಾಗ ಮಾರುವ ಫೈಲಿಂಗ್ ಕ್ಯಾಬಿನೆಟ್, ಬೀರುಗಳ ತಗಡು ಈಗಿನ ಎಷ್ಟೋ ಹೊಸದಕ್ಕಿಂತ ದಪ್ಪ ಇರುತ್ತದೆ. ಬಗ್ಗಿ ತಳ ನೋಡಿ, ತುಕ್ಕು ಶುರುವಾಗುವುದು ಅಲ್ಲಿಂದ. ಸ್ಕ್ರೂಡ್ರೈವರ್ ತುದಿಯಿಂದ ಚುಚ್ಚಿದಾಗ ಪುಡಿ ಉದುರಿದರೆ ಬಿಡಿ. ಮೇಲ್ಮೈ ತುಕ್ಕು ಮಾತ್ರ ಆದರೆ ಉಜ್ಜಿ, ರೆಡ್ ಆಕ್ಸೈಡ್ ಹೊಡೆದು, ಪೇಂಟ್ ಮಾಡಿದರೆ ಹೊಸದರ ಹಾಗೇ. ಫೈಲಿಂಗ್ ಕ್ಯಾಬಿನೆಟ್ಟಿನ ಡ್ರಾಯರ್ ಆಳ ಜಾಸ್ತಿ ಇರುವುದರಿಂದ ಸಣ್ಣ ಟೂಲಿಗೆ ಹೊಂದುವುದಿಲ್ಲ, ಪವರ್ ಟೂಲಿಗೆ ಹೇಳಿ ಮಾಡಿಸಿದ ಹಾಗಿರುತ್ತದೆ.

8. ತೇವ

ಗಾಳಿಯ ತೇವಾಂಶ ಶೇ. 60 ದಾಟಿದರೆ ಕಬ್ಬಿಣಕ್ಕೆ ತುಕ್ಕು ಹಿಡಿಯುವುದು ಜೋರಾಗುತ್ತದೆ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಅದು ಶೇ. 80ರ ಮೇಲೇ ಇರುತ್ತದೆ. ರಾತ್ರಿ ತಣ್ಣಗಾದ ಸ್ಟೀಲಿಗೆ ಬೆಳಿಗ್ಗೆಯ ಬಿಸಿ ಗಾಳಿ ತಾಗಿದಾಗ ಕಣ್ಣಿಗೆ ಕಾಣದಷ್ಟು ಬೆವರುತ್ತದೆ. ಕ್ಯಾಬಿನೆಟ್ ಒಳಗಿದ್ದರೂ ಉಳಿಯ ಬಾಯಿ ಕೆಂಪಾಗುವುದು ಇದರಿಂದ.

ಇಲ್ಲಿ ಎರಡು ದಾರಿ, ಗಾಳಿ ಸಂದು ಇರುವ ಕ್ಯಾಬಿನೆಟ್ಟೋ ಸಂದು ಇಲ್ಲದ್ದೋ, ಒಂದನ್ನು ಆರಿಸಿಕೊಳ್ಳಬೇಕು. ಗಾಳಿ ಸಂದು ಇರುವ ಕ್ಯಾಬಿನೆಟ್ಟಿನಲ್ಲಿ ಸಿಲಿಕಾ ಜೆಲ್ ಇಟ್ಟರೆ ಅದು ಇಡೀ ಊರಿನ ಗಾಳಿ ಒಣಗಿಸಲು ಹೊರಟ ಹಾಗೆ, ಸುಮ್ನೆ ದಂಡ. ಮಲೆನಾಡು, ಕರಾವಳಿಗೆ ಸಂದು ಇಲ್ಲದ್ದು ತಗೊಳ್ಳಿ, ಬಾಗಿಲಿಗೆ ರಬ್ಬರ್ ಬೀಡಿಂಗ್ ಅಂಟಿಸಿ, ಒಳಗೆ ಸಿಲಿಕಾ ಜೆಲ್ ಇಡಿ. ಕಿತ್ತಳೆ ಬಣ್ಣದ್ದು ತಗೊಳ್ಳಿ, ಬಣ್ಣ ಬದಲಾದಾಗ ಓವನ್ನಿನಲ್ಲಿ 120 ಡಿಗ್ರಿಯಲ್ಲಿ ಒಂದೆರಡು ಗಂಟೆ ಬಿಸಿ ಮಾಡಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ನೀಲಿಯದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅದನ್ನು ಅಡುಗೆಮನೆಗೆ ತರಬೇಡಿ. ಬಯಲುಸೀಮೆಯಲ್ಲಿ ತೇವಕ್ಕಿಂತ ಧೂಳಿನ ಕಾಟ ಜಾಸ್ತಿ. ಅಲ್ಲಿ ಗಾಳಿ ಸಂದು ಇದ್ದರೂ ಸರಿ, ಆದರೆ ಒಳಗಿನಿಂದ ಸಣ್ಣ ಜಾಲರಿ ಹೊಡೆಯಿರಿ. ಇಲಿ ಒಂದು ಸಲ ಗೂಡು ಕಟ್ಟಿದರೆ ಅದರ ಉಚ್ಚೆಯೇ ಟೂಲಿಗೆಲ್ಲ ತುಕ್ಕು ಹಿಡಿಸುತ್ತದೆ.

ಡ್ರಾಯರಿಗೆ ಹಳೇ ಪೇಪರ್ ಹಾಸುವ ಅಭ್ಯಾಸ ಬಿಡಿ. ಪೇಪರ್ ತೇವ ಹೀರಿಕೊಂಡು ಟೂಲಿನ ಹೊಟ್ಟೆಗೆ ಒತ್ತಿ ಹಿಡಿಯುತ್ತದೆ, ಸ್ಪ್ಯಾನರ್ ಎತ್ತಿದರೆ ಅದರ ಆಕಾರದ್ದೇ ಕಂದು ಗುರುತು ಪೇಪರಿನ ಮೇಲೆ ಕಾಣುತ್ತದೆ. ಸವೆದ ಯೋಗ ಮ್ಯಾಟ್ ಕತ್ತರಿಸಿ ಹಾಸಿ, ಟೂಲ್ ಜಾರುವುದೂ ಇಲ್ಲ. ಮಳೆಗಾಲದ ಮುಂಚೆ ಎಲ್ಲದಕ್ಕೂ ಹೊಲಿಗೆ ಮಷೀನಿನ ಎಣ್ಣೆ ತೆಳ್ಳಗೆ ಒರೆಸಿ. ಕೊಬ್ಬರಿ ಎಣ್ಣೆ ಬೇಡ, ಅದು ಬರಬರುತ್ತಾ ಅಂಟಾಗುತ್ತದೆ.

ಟಾಯ್ಲೆಟ್ ತೊಳೆಯುವ ಆ್ಯಸಿಡ್ ಬಾಟಲಿಯನ್ನು ಟೂಲ್ ಕ್ಯಾಬಿನೆಟ್ಟಿನ ಪಕ್ಕದಲ್ಲೂ ಇಡಬೇಡಿ. ಮುಚ್ಚಳ ಬಿಗಿಯಾಗಿದ್ದರೂ ಅದರ ಆವಿ ಸೋರುತ್ತದೆ, ಎಣ್ಣೆ ಒರೆಸಿದ ಟೂಲನ್ನೂ ಬಿಡುವುದಿಲ್ಲ. ಥಿನ್ನರ್, ಪೆಟ್ರೋಲ್ ಇರುವ ಕಡೆ ಗ್ರೈಂಡರ್ ಕಿಡಿ ಹಾರಬಾರದು, ಅವು ಮನೆಯ ಹೊರಗೆ ನೆರಳಿನಲ್ಲಿ ಇರಲಿ. ಕಾರ್ಡ್‌ಲೆಸ್ ಡ್ರಿಲ್ಲಿನ ಬ್ಯಾಟರಿಯನ್ನು ಮುಚ್ಚಿದ ಕ್ಯಾಬಿನೆಟ್ ಒಳಗೆ ಚಾರ್ಜಿಗೆ ಹಾಕಬೇಡಿ.

9. ಚಕ್ರ, ಕಾಲು, ಗೋಡೆ

ಬಾಡಿಗೆ ಮನೆಯವರಿಗೆ ಚಕ್ರ ಇರುವುದು ಒಳ್ಳೆಯದು. 4 ಇಂಚಿನ ಪಿಯು (ಪಾಲಿಯುರೆಥೇನ್) ಚಕ್ರ, ಅದರಲ್ಲಿ ಎರಡು ತಿರುಗುವಂಥದ್ದು, ಬ್ರೇಕ್ ಸಮೇತ. ಒಟ್ಟು ಭಾರವನ್ನು ನಾಲ್ಕರಿಂದ ಭಾಗಿಸಬೇಡಿ, ಮೂರರಿಂದ ಭಾಗಿಸಿ. ನಮ್ಮ ನೆಲ ಎಲ್ಲೂ ಪೂರ್ತಿ ಸಮ ಇರುವುದಿಲ್ಲ, ಯಾವಾಗಲೂ ಒಂದು ಚಕ್ರ ಗಾಳಿಯಲ್ಲಿ ತೇಲುತ್ತಿರುತ್ತದೆ. 150 ಕೆಜಿ ಆದರೆ ಒಂದೊಂದು ಚಕ್ರಕ್ಕೆ 50 ಕೆಜಿ ತಡೆಯುವ ಶಕ್ತಿ ಬೇಕು.

ಚಕ್ರ ಇಲ್ಲದಿದ್ದರೆ ನಾಲ್ಕು ಇಂಚಾದರೂ ಎತ್ತರದ ಕಾಲು ಬೇಕು, ನೆಲ ತೊಳೆಯುತ್ತೇವಲ್ಲ. ಸೊಂಟಕ್ಕಿಂತ ಎತ್ತರದ್ದೇನಿದ್ದರೂ ಗೋಡೆಗೆ ಕಚ್ಚಿಸಿ. ಇಟ್ಟಿಗೆ, ಸಾಲಿಡ್ ಬ್ಲಾಕ್ ಗೋಡೆಯಲ್ಲಿ ಆಂಕರ್ ಬೋಲ್ಟ್ ಗಟ್ಟಿ ಹಿಡಿಯುತ್ತದೆ. ಹಾಲೋ ಬ್ಲಾಕಿಗೂ ಹಗುರ ಎಎಸಿ ಬ್ಲಾಕಿಗೂ ಬೇರೆ ಬೇರೆ ಫಾಸ್ಟನರ್ ಬರುತ್ತವೆ, ಗೋಡೆ ಯಾವುದು ಅಂತ ಅಂಗಡಿಯಲ್ಲಿ ಹೇಳಿ ತಗೊಳ್ಳಿ. ಕರಾವಳಿಯ ಮುರಕಲ್ಲು ಮೆತ್ತಗಿರುತ್ತದೆ, ಗಿಡ್ಡ ಬೋಲ್ಟ್ ಬಿಗಿ ಮಾಡಿದಷ್ಟೂ ಪುಡಿ ಉದುರುತ್ತದೆ, ಉದ್ದದ್ದೇ ಬೇಕು.

ಕಾರ್ ಶೆಡ್ಡಿನ ನೆಲಕ್ಕೆ ಗೇಟಿನ ಕಡೆ ಇಳಿಜಾರು ಕೊಟ್ಟಿರುತ್ತಾರೆ. ಹಾಗೇ ಇಟ್ಟರೆ ಡ್ರಾಯರುಗಳು ತಾವಾಗಿ ತೆರೆದುಕೊಂಡು ಬರುತ್ತವೆ. ರಸಮಟ್ಟ ಇಟ್ಟು, ತಗ್ಗಿನ ಕಡೆಯ ಕಾಲಿನ ಬೋಲ್ಟ್ ಏರಿಸಿ, ಹಿಂದಕ್ಕೆ ಕೂದಲೆಳೆಯಷ್ಟು ವಾಲಿಸಿ. ಆಮೇಲೆ ಗೋಡೆಗೆ ಬೋಲ್ಟ್ ಹಾಕಿ. ಸಾಮಾನು ತುಂಬುವಾಗ ಕೆಳಗಿನ ಡ್ರಾಯರಿನಿಂದ ಶುರು ಮಾಡಿ, ಭಾರದ್ದೆಲ್ಲ ಅಲ್ಲಿಗೆ.

ಬೀಗದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ, ಕ್ಯಾಬಿನೆಟ್ ಬೀಗ ತಡೆಯುವುದು ಮಕ್ಕಳನ್ನು, ಕಳ್ಳರನ್ನಲ್ಲ. ಆದರೆ ಲಾಕಿನ ಮುಖದ ಮೇಲೆ ಸಣ್ಣಗೆ ಒಂದು ನಂಬರ್ ಕೊರೆದಿರುತ್ತದೆ. ಅದರ ಫೋಟೋ ತೆಗೆದಿಟ್ಟುಕೊಳ್ಳಿ. ಕೀ ಕಳೆದರೆ ಆ ನಂಬರ್ ಹೇಳಿ ಇನ್ನೊಂದು ತರಿಸಬಹುದು, ಲಾಕ್ ಒಡೆಯುವ ಕೆಲಸ ತಪ್ಪುತ್ತದೆ.